ಚೀಲಕ್ಕೂ ಅಪ್ಪಣೆಯಾಗಬೇಕು

ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಪ್ರತಿವರ್ಷ ಎಲೆ ಉದುರುವ ಕಾಲಕ್ಕೆ ಒಂದು ವ್ರತ ಆರಂಭವಾಗುತ್ತದೆ. ಕೌಂಟಿಯನ್ನು ಆಳುವ ಮೇಲ್ವಿಚಾರಕ ಮಂಡಳಿಯ ಹತ್ತು ಮಂದಿ ಕೂತು, ಬರುವ ಜನವರಿಯಲ್ಲಿ ರಾಜ್ಯದ ಶಾಸನಸಭೆ ಏನೇನು ಮಾಡಬೇಕು, ಏನೇನು ಮಾಡದಿದ್ದರೆ ಮಹದುಪಕಾರ ಎಂಬುದನ್ನು ಪಟ್ಟಿ ಮಾಡುತ್ತಾರೆ. ಕರಡು, ಸಮಿತಿ, ತಿದ್ದುಪಡಿ, ಸಾರ್ವಜನಿಕರ ಅಹವಾಲು, ಮತ್ತೆ ತಿದ್ದುಪಡಿ, ವರ್ಷ ಮುಗಿಯುವುದರೊಳಗೆ ಠರಾವು. ಈ ಪಟ್ಟಿಗೆ ಅವರಿಟ್ಟ ಹೆಸರು ‘ಆದ್ಯತೆಗಳು’. ನಮ್ಮ ಗ್ರಾಮ ಪಂಚಾಯಿತಿಯ ಜವಾನನಿಗೆ ತೋರಿಸಿದರೆ ಒಂದು ಕ್ಷಣವೂ ಯೋಚಿಸದೆ ‘ಅರ್ಜಿ’ ಎಂದು ಮೊಹರು ಒತ್ತುತ್ತಾನೆ.

ಅರ್ಜಿದಾರರು ಬಡಪಾಯಿಗಳೇನಲ್ಲ. ಕೌಂಟಿಯ ಜನಸಂಖ್ಯೆ 11 ಲಕ್ಷ ದಾಟಿದೆ. ಅದರ ಅರ್ಧದಷ್ಟು ಜನರಿರುವ ರಾಜ್ಯ ವಯೋಮಿಂಗ್‌ಗೆ ಸ್ವಂತ ಗವರ್ನರ್, ಸ್ವಂತ ಶಾಸನಸಭೆ, ವಾಷಿಂಗ್ಟನ್‌ನಲ್ಲಿ ಇಬ್ಬರು ಸೆನೆಟರು. ದೇಶದ ಅತಿ ಸಿರಿವಂತ ಕೌಂಟಿಗಳ ಸಾಲಿನಲ್ಲಿರುವ ಫೇರ್‌ಫ್ಯಾಕ್ಸ್‌ಗೆ ಮಾತ್ರ, ಅಂಗಡಿಯಲ್ಲಿ ಕೊಡುವ ಪ್ಲಾಸ್ಟಿಕ್ ಚೀಲಕ್ಕೆ ಐದು ಸೆಂಟ್ ತೆರಿಗೆ ಹಾಕಬೇಕೆಂದರೆ ನೂರೈವತ್ತು ಕಿಲೋಮೀಟರಿಗೂ ಆಚೆ ಇರುವ ರಾಜಧಾನಿ ರಿಚ್ಮಂಡ್ ಹೂಂಗುಟ್ಟಬೇಕು. 2020ರಲ್ಲಿ ಅದು ಹೂಂಗುಟ್ಟಿತು; 2022ರ ಜನವರಿ 1ರಿಂದ ಚೀಲಕ್ಕೆ ತೆರಿಗೆ ಬಂತು. ಐದೇ ಸೆಂಟ್, ಆರಲ್ಲ. ಬಂದ ಕಾಸನ್ನು ಯಾವ ಯಾವ ಕೆಲಸಕ್ಕೆ ಮುಟ್ಟಬಹುದು ಎಂಬುದನ್ನೂ ರಿಚ್ಮಂಡೇ ಬರೆದುಕೊಟ್ಟಿತು. ಸೊಸೆಗೆ ಉಗ್ರಾಣದ ಬೀಗದಕೈ ಕೊಟ್ಟ ಅತ್ತೆ, ಬೇಳೆ ಎಷ್ಟು ಹಿಡಿ ಎಂದು ಬಾಗಿಲಲ್ಲೇ ನಿಂತು ಎಣಿಸಿದ ಹಾಗೆ.

ಯಾಕೆ ಹೀಗೆ ಎಂದರೆ ವಕೀಲರು ಡಿಲನ್ ನಿಯಮದ ಹೆಸರು ಹೇಳುತ್ತಾರೆ: ರಾಜ್ಯ ಕೊಟ್ಟಷ್ಟೇ ಊರಾಡಳಿತದ ಅಧಿಕಾರ. ಅಯೋವಾ ರಾಜ್ಯದ ನ್ಯಾಯಮೂರ್ತಿ ಜಾನ್ ಡಿಲನ್ 1868ರ ತೀರ್ಪೊಂದರಲ್ಲಿ, ಊರಾಡಳಿತಗಳಿಗೆ ಜೀವದ ಉಸಿರು ಊದುವುದೇ ಶಾಸನಸಭೆ, ಹುಟ್ಟಿಸಿದ್ದನ್ನು ಅದು ಅಳಿಸಲೂಬಹುದು ಎಂದು ಬರೆದರು. ಬ್ರಹ್ಮನ ಖಾತೆಯೂ ರುದ್ರನ ಖಾತೆಯೂ ಒಂದೇ ಕಚೇರಿಯಲ್ಲಿ! ವರ್ಜೀನಿಯಾದ ನ್ಯಾಯಾಲಯ 1896ರಲ್ಲಿ ಈ ನಿಯಮವನ್ನು ಭಕ್ತಿಯಿಂದ ಮನೆಗೆ ತಂದುಕೊಂಡಿತು. ತಮಾಷೆಯೆಂದರೆ, ಅಯೋವಾ 1968ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ ನಗರಗಳಿಗೆ ಸ್ವಂತ ಅಧಿಕಾರ ಕೊಟ್ಟಿತು. ಹತ್ತು ವರ್ಷದ ಮೇಲೆ ಕೌಂಟಿಗಳಿಗೂ ಕೊಟ್ಟಿತು. ಮಡಿ ಕಲಿಸಿದ ತವರಿನವರು ಈರುಳ್ಳಿ ಹುಳಿ ಮಾಡಿಕೊಂಡು ಉಣ್ಣುತ್ತಿದ್ದಾರೆ. ಕಲಿತು ಬಂದವಳು ಇನ್ನೂ ಒದ್ದೆ ಸೀರೆಯಲ್ಲೇ ನಿಂತಿದ್ದಾಳೆ.

ಈ ಮಡಿಯ ಪರಮಾವಧಿಯನ್ನು ನೋಡಬೇಕಾದರೆ ಶಾಲೆಯ ಕಥೆ ಕೇಳಬೇಕು. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನಕ್ಕಿಂತ ಮುಂಚೆ ಯಾವ ಊರಿನವರೂ ಶಾಲೆ ತೆರೆಯಕೂಡದು ಎಂದು 1986ರಲ್ಲಿ ರಾಜ್ಯ ಕಾನೂನು ಮಾಡಿತು. ಮಕ್ಕಳ ಕಲಿಕೆಗೆ ಅದೇ ಪ್ರಶಸ್ತ ಮುಹೂರ್ತವೆಂದು ಯಾವ ಶಿಕ್ಷಣತಜ್ಞರಾದರೂ ಹೇಳಿದ್ದರೇ ಎಂದು ಹುಡುಕಬೇಡಿ. ಆ ಕಾನೂನಿಗೆ ಜನರೇ ಇಟ್ಟ ಹೆಸರು ‘ಕಿಂಗ್ಸ್ ಡೊಮಿನಿಯನ್ ಕಾನೂನು’. ಕಿಂಗ್ಸ್ ಡೊಮಿನಿಯನ್ ಎಂಬುದು ರಿಚ್ಮಂಡ್‌ನ ಉತ್ತರಕ್ಕಿರುವ ಒಂದು ಮನರಂಜನಾ ಉದ್ಯಾನ. ರಜೆ ಮುಂದುವರಿದರೆ ಉಯ್ಯಾಲೆ ಏರಲು ಮಕ್ಕಳು ಸಿಗುತ್ತಾರೆ, ಟಿಕೆಟ್ ಹರಿಯಲು ಹೈಸ್ಕೂಲಿನ ಹುಡುಗರೂ ಸಿಗುತ್ತಾರೆ. ಇದರಿಂದ ಪಾರಾಗುವ ದಾರಿಯೂ ಇತ್ತೆನ್ನಿ: ಹಿಮ ಬಿದ್ದು ನಮ್ಮ ಶಾಲೆಗಳು ವರ್ಷ ವರ್ಷವೂ ಇಷ್ಟಿಷ್ಟು ದಿನ ಮುಚ್ಚಿದ್ದವು ಎಂದು ಲೆಕ್ಕ ಒಪ್ಪಿಸಿದರೆ ವಿನಾಯಿತಿ. ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ ಒಂದು ರಾಜ್ಯದ ಶೈಕ್ಷಣಿಕ ಪಂಚಾಂಗವನ್ನು ಉಯ್ಯಾಲೆಯೂ ಹಿಮವೂ ಕೂಡಿ ಬರೆದವು. 2019ರಲ್ಲಿ ಶಾಸನಸಭೆ ಮನಸ್ಸು ಕರಗಿ, ಹದಿನಾಲ್ಕು ದಿನ ಮುಂಚೆ ತೆರೆಯಿರಿ ಎಂದಿತು. ಆದರೆ ಕಾರ್ಮಿಕ ದಿನದ ಹಿಂದಿನ ಶುಕ್ರವಾರವೂ ರಜೆ ಕೊಡಬೇಕು. ಉಯ್ಯಾಲೆಗೂ ಹೊಟ್ಟೆಪಾಡಿದೆಯಲ್ಲ!

ರಸ್ತೆಯ ವಿಷಯ ಚಿಕ್ಕದು. 1932ರ ಕಾಯಿದೆಯಿಂದ ಕೌಂಟಿಯ ರಸ್ತೆಗಳು ರಾಜ್ಯದ ಸುಪರ್ದಿಗೆ ಹೋದವು. ಆರ್ಲಿಂಗ್ಟನ್, ಹೆನ್ರಿಕೊ ಎಂಬೆರಡು ಕೌಂಟಿಗಳು ಮಾತ್ರ ತಮ್ಮ ರಸ್ತೆ ತಾವೇ ನೋಡಿಕೊಳ್ಳುತ್ತವೆ. ಆದ್ದರಿಂದ ಫೇರ್‌ಫ್ಯಾಕ್ಸ್‌ನಲ್ಲಿ ಗುಂಡಿಗೆ ಬಿದ್ದವನು ಬಿದ್ದದ್ದು ಸ್ವಂತ ಊರಿನಲ್ಲಾದರೂ, ಗುಂಡಿ ರಾಜ್ಯದ್ದು.

ಹಣದ ವಿಷಯದಲ್ಲಿ ರಿಚ್ಮಂಡ್ ಇಷ್ಟು ಕಾಳಜಿ ತೋರುವುದಿಲ್ಲ. ಶಾಲೆಗಳಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಲು ರಾಜ್ಯದ ಬಳಿ ಒಂದು ಸೂತ್ರವಿದೆ. ಶಾಸನಸಭೆಯದೇ ಪರಿಶೀಲನಾ ಸಂಸ್ಥೆ 2023ರಲ್ಲಿ ವರದಿ ಕೊಟ್ಟು, 2021ರ ಲೆಕ್ಕದಲ್ಲಿ ರಾಜ್ಯದ ಶಾಲೆಗಳು ಆ ಸೂತ್ರ ಹೇಳಿದ್ದಕ್ಕಿಂತ 660 ಕೋಟಿ ಡಾಲರ್ ಹೆಚ್ಚು ಖರ್ಚು ಮಾಡಿದವು ಎಂದಿತು. ಸೂತ್ರ ಮೀರಿದ ಹೊರೆ ಬಹುಪಾಲು ಊರಾಡಳಿತಗಳ ತಲೆಗೆ. ಸೂತ್ರ ಸರಿಯಾಗಿಯೇ ಇರಬೇಕು. ಮಕ್ಕಳೇ ಸ್ವಲ್ಪ ಜಾಸ್ತಿ ಓದುತ್ತಿರಬಹುದು. ಶಾಲೆಯ ದುಡ್ಡು ಫೇರ್‌ಫ್ಯಾಕ್ಸ್ ಪಟ್ಟಿಯ ತಲೆಯಲ್ಲಿ ವರ್ಷ ವರ್ಷವೂ ಕೂತಿರುತ್ತದೆ, ತಿಥಿಯ ಪಟ್ಟಿಯಲ್ಲಿ ಎಳ್ಳು ಕೂತ ಹಾಗೆ.

ಹಾಗೆಂದು ರಿಚ್ಮಂಡ್‌ನವರಿಗೆ ಕೊಡುಗೈ ಇಲ್ಲವೆನ್ನುವಂತಿಲ್ಲ. 2024ರಲ್ಲಿ ಫೇರ್‌ಫ್ಯಾಕ್ಸ್‌ನಲ್ಲಿ ಕ್ಯಾಸಿನೊಗೆ ದಾರಿ ಮಾಡಿಕೊಡುವ ಮಸೂದೆಯನ್ನು ಅಲ್ಲಿ ಮಂಡಿಸಿದರು. ಕೌಂಟಿ ಅದನ್ನು ಕೇಳಿರಲೇ ಇಲ್ಲ. ಮಜ್ಜಿಗೆ ಕೇಳಿಕೊಂಡು ನಿಂತವನ ಕೈಗೆ ಇಸ್ಪೀಟಿನ ಕಟ್ಟು!

ಅದೇ ವರ್ಷ ಇನ್ನೊಂದು ಮಸೂದೆಯೂ ಅಲ್ಲಿಗೆ ಹೋಗಿ, ಕಾನೂನಾಗದೆ ಉಳಿಯಿತು. ಉದುರಿದ ಎಲೆಗಳನ್ನು ಗುಡಿಸುವ ಬದಲು ಪೆಟ್ರೋಲ್ ಸುಟ್ಟು ಊದುವ ಯಂತ್ರಗಳಿವೆಯಲ್ಲ, ಅವುಗಳ ಗದ್ದಲಕ್ಕೆ ಕಡಿವಾಣ ಹಾಕುವ ಅಧಿಕಾರ ಊರಾಡಳಿತಗಳಿಗೆ ಇರಲಿ ಎಂದು ಕೋರಿದ ಮಸೂದೆ ಅದು. ಮತ್ತೆ ಎಲೆ ಉದುರುತ್ತದೆ, ಮಂಡಳಿಯವರು ಮತ್ತೆ ಕರಡು ಹರಡಿಕೊಂಡು ಕೂರುತ್ತಾರೆ. ಹೊರಗೆ ಆ ಯಂತ್ರ ಮೊರೆಯತೊಡಗಿದರೆ ಯಾರಾದರೂ ಎದ್ದು ಕಿಟಕಿ ಮುಚ್ಚಬಹುದು. ಅದಕ್ಕೆ ಸದ್ಯಕ್ಕೆ ಅಪ್ಪಣೆ ಬೇಕಿಲ್ಲ.