ಮಾರ್ಲೋ ಹೇಳಿದ್ದಾನಂತೆ

ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರ, ರಾಹುಕಾಲಗಳೆಲ್ಲ ಮುಗಿದು ಒಂದು ಸಾಲಿನಷ್ಟು ಜಾಗ ಮಿಕ್ಕರೆ ಅಲ್ಲೊಂದು ಸುಭಾಷಿತ ಬಂದು ಕೂರುತ್ತದೆ. ಅಂಥ ಜಾಗಕ್ಕೆ ಹೇಳಿ ಮಾಡಿಸಿದಂತಹ ಸಾಲುಗಳನ್ನು ಧಾರಾಳವಾಗಿ ಬರೆದಿಟ್ಟವನು ಇಂಗ್ಲಿಷ್ ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ. ಷೇಕ್ಸ್‌ಪಿಯರ್ ಹುಟ್ಟಿದ 1564ರಲ್ಲಿಯೇ ಕ್ಯಾಂಟರ್‌ಬರಿಯಲ್ಲಿ ಜೋಡು ಹೊಲಿಯುವವನ ಮಗನಾಗಿ ಹುಟ್ಟಿದ ಈತ, 1593ರಲ್ಲಿ ಡೆಟ್‌ಫರ್ಡ್‌ನ ಮನೆಯೊಂದರಲ್ಲಿ ಊಟದ ಲೆಕ್ಕದ ಜಗಳದಲ್ಲಿ ಇರಿತಕ್ಕೆ ಸಿಕ್ಕಿ ಸತ್ತನೆಂದು ವಿಚಾರಣೆಯ ದಾಖಲೆ ಹೇಳುತ್ತದೆ. ಅವನ ನುಡಿಗಳ ತೊಂದರೆಯೆಂದರೆ, ಅವು ಯಾರ ಬಾಯಿಂದ ಬಂದವು ಎಂದು ಕೇಳಿದ ಕೂಡಲೇ ಸುಭಾಷಿತದ ಮುಖ ಕಪ್ಪಿಡುತ್ತದೆ.

‘ಅಜ್ಞಾನದ ಹೊರತು ಬೇರೆ ಪಾಪವಿಲ್ಲ’ ಎಂಬುದನ್ನೇ ನೋಡಿ. ಯಾವ ಶಾಲೆಯ ಗೋಡೆಗಾದರೂ ಒಪ್ಪುವ ಮಾತು. ಆದರೆ ‘ಮಾಲ್ಟಾದ ಯಹೂದಿ’ ನಾಟಕದ ಆರಂಭದಲ್ಲಿ ಇದನ್ನು ಆಡುವುದು ರಂಗಕ್ಕೆ ಬರುವ, ಕಪಟ ರಾಜನೀತಿಗೆ ಹೆಸರಾದ ಇಟಲಿಯ ಮ್ಯಾಕಿಯಾವೆಲ್ಲಿಯ ಪ್ರೇತ. ಧರ್ಮವೆಂಬುದು ಮಕ್ಕಳ ಆಟಿಕೆ ಎಂದು ಅದಕ್ಕೆ ಮೊದಲೇ ಅದೇ ಉಸಿರಿನಲ್ಲಿ ಹೇಳಿಬಿಟ್ಟಿರುತ್ತದೆ. ಆ ಮೊದಲರ್ಧವನ್ನು ಬರೆಸಲು ಯಾವ ಆಡಳಿತ ಮಂಡಳಿಯೂ ಒಪ್ಪಲಾರದು. ಮಾರ್ಲೋವಿನ ಮೇಲೆಯೇ ನಾಸ್ತಿಕನೆಂಬ ದೂರು ಇದ್ದುದರಿಂದ ಪ್ರೇತದ ಮಾತನ್ನು ಕವಿಯ ತಲೆಗೆ ಕಟ್ಟುವುದು ಇನ್ನಷ್ಟು ಸುಲಭವಾಗಿದೆ.

ಅದೇ ನಾಟಕದ ‘ಪುಟ್ಟ ಕೋಣೆಯೊಳಗೆ ಅಪಾರ ಸಿರಿ’ ಎಂಬ ಮಾತು ಇಂದು ಗ್ರಂಥಾಲಯಗಳಿಗೂ ಕವಿತೆಗಳಿಗೂ ಹೊಗಳಿಕೆಯಾಗಿ ಸಲ್ಲುತ್ತದೆ. ಅದನ್ನು ಆಡಿದ ಬಾರಬಾಸನಾದರೋ ತನ್ನ ಲೆಕ್ಕದ ಕೋಣೆಯಲ್ಲಿ ಚಿನ್ನದ ರಾಶಿಯ ಮುಂದೆ ಕುಳಿತು, ಬೆಳ್ಳಿಯ ಚಿಲ್ಲರೆಯನ್ನು ಎಣಿಸಿ ಬೇಸತ್ತ ವರ್ತಕ. ಮುತ್ತುಗಳನ್ನು ಬೆಣಚುಕಲ್ಲಿನಂತೆ ಗುಡ್ಡೆ ಹಾಕುವ ಮೂಡಣದ ಸಿರಿವಂತನನ್ನು ನೆನೆದು ಕರುಬುತ್ತಾನೆ. ನೀಲ, ಗೋಮೇಧಿಕ, ಹುಲ್ಲಿನ ಹಸುರಿನ ಪಚ್ಚೆ, ಕೆಂಪು, ವಜ್ರ ಎಂದು ಒಂದೊಂದೇ ಹರಳಿನ ಹೆಸರನ್ನು ಬಾಯಿ ಚಪ್ಪರಿಸುವಂತೆ ಉಚ್ಚರಿಸುತ್ತಾನೆ. ಅಂಥದೊಂದು ಹರಳಿದ್ದರೆ ಸೆರೆಸಿಕ್ಕ ರಾಜರನ್ನೂ ಬಿಡಿಸಿ ತರಬಹುದೆಂದು ಲೆಕ್ಕ ಹಾಕುತ್ತಾನೆ. ಕಡಿಮೆ ಜಾಗದಲ್ಲಿ ಹೆಚ್ಚು ಹಣ ಹಿಡಿಸಬೇಕೆಂಬ ಈ ವ್ಯವಹಾರಜ್ಞಾನವೇ ಪುಸ್ತಕಪ್ರೇಮಿಗಳ ಮಂತ್ರವಾಯಿತು. ನನಗಂತೂ ಗ್ರಂಥಾಲಯದ ಶಾಂತಿಗಿಂತ ಬಾರಬಾಸನ ಈ ಜಿಪುಣ ಸಡಗರವೇ ಹೆಚ್ಚು ರುಚಿಸುತ್ತದೆ.

ಎಲ್ಲಕ್ಕಿಂತ ಹೆಸರಾದದ್ದು ‘ಡಾಕ್ಟರ್ ಫಾಸ್ಟಸ್’ ನಾಟಕದಲ್ಲಿ, ಟ್ರಾಯ್ ಯುದ್ಧಕ್ಕೆ ಕಾರಣಳಾದ ಚೆಲುವೆ ಹೆಲೆನ್ನಳನ್ನು ಕುರಿತ ಸಾಲು: ‘ಸಾವಿರ ಹಡಗುಗಳನ್ನು ಕಡಲಿಗಿಳಿಸಿದ ಮುಖ ಇದೇ ಏನು?’ ಚೆಲುವೆಯರನ್ನು ಹೊಗಳಲು ಇದನ್ನು ಎರವಲು ತರುವ ಪ್ರಣಯಿಗಳು, ಸೈತಾನನಿಗೆ ಆತ್ಮವನ್ನು ಮಾರಿಕೊಂಡ ವಿದ್ವಾಂಸ ಫಾಸ್ಟಸ್ಸನ ಎದುರಿಗೆ ನಿಂತದ್ದು ಮೆಫಿಸ್ಟೊಫಿಲಿಸ್ ಎಂಬ ಪಿಶಾಚಿ ತಂದು ನಿಲ್ಲಿಸಿದ, ಒಂದು ಮಾತನ್ನೂ ಆಡದ ಮಾಯಾರೂಪವೆಂಬುದನ್ನು ಗಮನಿಸುವುದಿಲ್ಲ. ಮುತ್ತಿಟ್ಟೊಡನೆ ತನ್ನ ಆತ್ಮವನ್ನು ಆ ತುಟಿಗಳು ಹೀರಿಕೊಂಡವೆಂದು ಅವನೇ ಕೂಗಿಕೊಳ್ಳುತ್ತಾನೆ.

ನಮ್ಮ ವಚನಗಳಿಗೆ ಅಂಕಿತವೆಂಬುದೊಂದಿದೆ. ಎಲ್ಲಿಗೆ ಕೊಂಡೊಯ್ದರೂ ಕೂಡಲಸಂಗಮದೇವ ಜೊತೆಗೇ ಬರುತ್ತಾನೆ. ನಾಟಕದ ಮಾತಿಗೆ ಆ ಕಾವಲಿಲ್ಲ. 1590ರಲ್ಲಿ ಅಚ್ಚಾದ ‘ಟ್ಯಾಂಬರ್ಲೇನ್’ ನಾಟಕದ ಮುಖಪುಟದಲ್ಲಿ ಮಾರ್ಲೋವಿನ ಹೆಸರೇ ಇರಲಿಲ್ಲ, ಈಗ ಪಾತ್ರಗಳ ಹೆಸರುಗಳು ಕಳಚಿಹೋಗಿ ಅವನ ಹೆಸರೊಂದೇ ಉಳಿದಿದೆ.

ಹಾಗೆಂದು ಅವನ ಪರವಾಗಿ ಹೆಚ್ಚು ವಾದಿಸುವಂತೆಯೂ ಇಲ್ಲ, ಏಕೆಂದರೆ ಈ ಕೈಚಳಕದಲ್ಲಿ ಅವನೇನೂ ಹಿಂದೆ ಬಿದ್ದವನಲ್ಲ. ‘ಲೆಂಟೆ ಕುರ್ರಿಟೆ, ನಾಕ್ಟಿಸ್ ಎಕ್ವಿ’, ಇರುಳಿನ ಕುದುರೆಗಳೇ ಮೆಲ್ಲನೆ ಓಡಿರಿ ಎಂಬುದು ರೋಮಿನ ಓವಿಡ್‌ನ ಸಾಲು. ಅಲ್ಲಿ ಪ್ರೇಮಿಯೊಬ್ಬ, ನಿನ್ನ ತೋಳಿನಲ್ಲಿಯೂ ನಲ್ಲನಿದ್ದಿದ್ದರೆ ನೀನೂ ಹೀಗೆಯೇ ಕೂಗುತ್ತಿದ್ದೆ ಎಂದು ಉಷೆಯನ್ನು ಆಕ್ಷೇಪಿಸುತ್ತಾನೆ. ಆ ಕವಿತೆಗಳನ್ನು ಸ್ವತಃ ಇಂಗ್ಲಿಷಿಗೆ ತಂದಿದ್ದ ಮಾರ್ಲೋ, ಹಾಸಿಗೆಯ ಈ ಮಾತನ್ನು ಕಿತ್ತು ತಂದು, ಹನ್ನೆರಡು ಹೊಡೆದರೆ ನರಕಕ್ಕೆ ಹೋಗಬೇಕಾಗಿದ್ದ ಫಾಸ್ಟಸ್ಸನ ಬಾಯಿಗೆ, ಲ್ಯಾಟಿನ್ನಿನಲ್ಲಿಯೇ ಇಟ್ಟ.