ಮಂಚದಡಿಯ ನಂಬರ್ ಒನ್

ನಮ್ಮ ಮನೆಯ ಮಂಚದ ಕೆಳಗೆ ಒಬ್ಬ ಬೆಸ್ಟ್‌ಸೆಲ್ಲರ್ ಲೇಖಕನ 411 ಪುಸ್ತಕಗಳಿವೆ. ಆ ಲೇಖಕ ನಾನೇ. ಕಸ ಗುಡಿಸುವಾಗ ಪೊರಕೆ ಒಳಗೆ ಹೋಗುವುದಿಲ್ಲ ಅನ್ನುವುದೊಂದು ಬಿಟ್ಟರೆ ಅವುಗಳಿಂದ ಯಾರಿಗೂ ತೊಂದರೆ ಇಲ್ಲ.

ಪುಸ್ತಕದ ಹೆಸರು 'ಜಾಡಿಯಲ್ಲಿ ಉಳಿದ ಮಿಡಿ'. 11 ಕಥೆ, 160 ಪುಟ, ಬೆಲೆ 180 ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ, ಇದು ಉಪ್ಪಿನಕಾಯಿ ಪುಸ್ತಕ ಅಲ್ಲ. ಮಿಡಿ ಅನ್ನುವುದು ರೂಪಕ. ಯಾವುದಕ್ಕೆ ರೂಪಕ ಅಂತ ಬೆನ್ನುಡಿ ಬರೆದವರು ವಿವರಿಸಿದ್ದಾರೆ. ಅದನ್ನು ಓದಿದ ಮೇಲೆ ನನಗೂ ಗೊತ್ತಾಯಿತು.

ಕನ್ನಡದಲ್ಲಿ 'ನಾನೇ ಬರೆದು ನಾನೇ ಅಚ್ಚು ಹಾಕಿಸಿದೆ' ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮನ ಹೆಸರೋ, ಮನೆದೇವರ ಹೆಸರೋ, ಮಕ್ಕಳ ಹೆಸರೋ ಹಿಡಿದು ಅದರ ಮುಂದೆ 'ಪ್ರಕಾಶನ' ಅಂತ ಸೇರಿಸುತ್ತೇವೆ. ವಿಳಾಸ: ಎರಡನೇ ಮಹಡಿ, ಹಾಲಿನ ಬೂತ್ ಎದುರು. ನನ್ನ ಪ್ರಕಾಶಕಿಗೆ ಆಗ ಏಳು ವರ್ಷ. 'ಪ್ರಕಾಶಕರ ಮಾತು' ಪುಟದಲ್ಲಿ 'ಇಂಥ ಮಹತ್ವದ ಕೃತಿ ಹೊರತರಲು ನಮ್ಮ ಸಂಸ್ಥೆಗೆ ಹೆಮ್ಮೆ' ಅಂತ ಬರೆದವನು ನಾನು. ಮಗುಚಿದರೆ 'ಲೇಖಕರ ಮಾತು'. ಅಲ್ಲಿ 'ನನ್ನಲ್ಲಿ ನಂಬಿಕೆ ಇಟ್ಟ ಪ್ರಕಾಶಕರಿಗೆ ಋಣಿ' ಅಂತ ಬರೆದವನೂ ನಾನೇ. ನಂಬಿಕೆ ಇಟ್ಟ ಪ್ರಕಾಶಕಿ ಆ ಹೊತ್ತಿನಲ್ಲಿ ಮೂರರ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.

ಪುಸ್ತಕ ಮಾರುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ನಾನು ಲೇಖಕನಾದ ಒಂದೇ ತಿಂಗಳಲ್ಲಿ ನನಗೆ ಎಷ್ಟೆಲ್ಲ ಮಾರಿದರು ಗೊತ್ತಾ? ಮೊದಲು ಬಂದದ್ದು ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರ್. 'ಗೋಲ್ಡ್ ಪ್ಯಾಕೇಜ್ ತಗೊಂಡ್ರೆ ಬರೀ 2,500ಕ್ಕೆ ಮಾಡಿಸಿಕೊಡ್ತೀವಿ ಸರ್' ಅಂದರು ಪುಸ್ತಕ ಮಾಡಿಸಿಕೊಡುವ ಕಂಪನಿಯವರು. ಕೊಟ್ಟೆ. ಆಮೇಲೆ ತಿಳಿಯಿತು, ದೆಹಲಿಯ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿ ಆ ನಂಬರನ್ನು ಪುಗಸಟ್ಟೆ ಕೊಡುತ್ತದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸಾಕು. ಫೋನ್ ಮಾಡಿ ಕೇಳಿದೆ. 'ನಂಬರ್ ಫ್ರೀನೇ ಸರ್, 2,500 ಅದಕ್ಕೆ ಗೆರೆ ಎಳೆದಿದ್ದಕ್ಕೆ' ಅಂದರು. ಗೆರೆ ಅಂದರೆ ಬಾರ್‌ಕೋಡ್.

ಆಮೇಲೆ ಪ್ರಶಸ್ತಿ. 'ನಿಮ್ಮ ಕೃತಿ ಆಯ್ಕೆಯಾಗಿದೆ. ನೋಂದಣಿ ಶುಲ್ಕ 3,500. ಹಾರ, ಶಾಲು, ಪ್ರಮಾಣಪತ್ರ ಸೇರಿ. ಪೇಟ ಬೇಕಿದ್ದಲ್ಲಿ 500 ಪ್ರತ್ಯೇಕ.' ನಾನು ಪೇಟ ಬಿಟ್ಟೆ. ಆಮೇಲೆ ವಿಮರ್ಶೆ. ಒಬ್ಬರು ದರಪಟ್ಟಿಯನ್ನೇ ಕಳಿಸಿದರು. ಓದದೆ ಬರೆಯುವುದಕ್ಕೆ ಒಂದು ರೇಟು, ಓದಿ ಬರೆಯುವುದಕ್ಕೆ ಅದರ ಎರಡರಷ್ಟು. ಓದುವುದು ಅಷ್ಟು ದುಬಾರಿ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ 99 ರೂಪಾಯಿಯ 'ಪುಸ್ತಕ ಮಾರುವ ಕಲೆ' ಕ್ಲಾಸು. ಭಾನುವಾರ ಬೆಳಿಗ್ಗೆ ಝೂಮ್‌ನಲ್ಲಿ ಕೂತೆವು. ಮೊದಲ ಒಂದು ಗಂಟೆ 9,999 ರೂಪಾಯಿಯ ಮುಂದಿನ ಕ್ಲಾಸು ಎಷ್ಟು ಚೆನ್ನಾಗಿದೆ ಅಂತ ಹೇಳಿದರು. ಉಳಿದ ಅರ್ಧ ಗಂಟೆ ಕಟ್ಟುವುದು ಹೇಗೆ ಅಂತ ಹೇಳಿಕೊಟ್ಟರು. ಪುಸ್ತಕದಂಗಡಿಯಲ್ಲಿ ಗಿರಾಕಿ ಅಂದರೆ ಓದುಗ ಅಂತ ತಿಳಿದಿದ್ದೆ. ಗಿರಾಕಿ ನಾನು.

ಆ ಕ್ಲಾಸಿನಿಂದ ಸಿಕ್ಕಿದ್ದು ರೀಲ್ಸ್ ಮಾಡುವ ಹುಚ್ಚು. 'ಮೊದಲ ಮೂರು ಸೆಕೆಂಡಲ್ಲಿ ಹಿಡಿದಿಡಬೇಕು' ಅಂದಿದ್ದರು. ನಾನು ಅನ್‌ಬಾಕ್ಸಿಂಗ್ ಮಾಡೋಣ ಅಂತ ಹೊರಟೆ. ನಾನೇ ಮುದ್ರಣಾಲಯದಿಂದ ಆಟೋದಲ್ಲಿ ಹೇರಿಕೊಂಡು ಬಂದ ಪುಸ್ತಕ. ನಾನೇ ಡಬ್ಬಿಗೆ ತುಂಬಿ, ನಾನೇ ಗಮ್ ಟೇಪ್ ಸುತ್ತಿ, ಅದನ್ನೇ ಬಿಚ್ಚಿ, 'ಅರೆ! ನನ್ನ ಪುಸ್ತಕ!' ಅಂತ ಬೆರಗಾಗಬೇಕು. ಹೆಂಡತಿ ಮೊಬೈಲ್ ಹಿಡಿದು ನಿಂತಳು. ಮೊದಲನೇ ಸಲ ಕುಕ್ಕರ್ ಕೂಗಿತು. ಎರಡನೇ ಸಲ ಕತ್ತರಿ ಸಿಗಲಿಲ್ಲ. ಐದನೇ ಸಲಕ್ಕೆ ಅವಳು, 'ರೀ, ಬೆರಗು ಸಾಲ್ತಿಲ್ಲ. ಕರೆಂಟ್ ಬಿಲ್ ನೋಡಿದಾಗ ಮಾಡ್ತೀರಲ್ಲ, ಆ ಮುಖ ಮಾಡಿ' ಅಂದಳು. ಮಾಡಿದೆ. ಆ ರೀಲನ್ನು 2,300 ಜನ ನೋಡಿದರು. ಒಬ್ಬರು ವಿಚಾರಿಸಿದರು, ಹಿಂದೆ ಕಾಣುವ ಪರದೆ ಎಲ್ಲಿ ತಗೊಂಡ್ರಿ ಅಂತ.

ಇ-ಪುಸ್ತಕ ಮಾಡಿ, ಈಗ ಎಲ್ಲಾ ಅದೇ ಅಂತ ಕೆಲವರು ಹೇಳಿದರು. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಇ-ಪುಸ್ತಕದ ಅಂಗಡಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇಲ್ಲ. ಕಂಪನಿಯ ಭಾರತದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ. ಬಹುಶಃ ಕನ್ನಡ ಹೊರಟಿತ್ತು, ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡಿರಬೇಕು. ಈಗ ಕನ್ನಡ ಇ-ಪುಸ್ತಕದ ಆ್ಯಪ್ ಮೈಲ್ಯಾಂಗ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ, ದಾರಿ ಇಲ್ಲ ಅಂತಲ್ಲ. ಆದರೆ ಡಿಟಿಪಿ ಹುಡುಗ ಟೈಪ್ ಮಾಡಿದ್ದು ಹಳೇ ಫಾಂಟಿನಲ್ಲಿ. ಇ-ಪುಸ್ತಕಕ್ಕೆ ಬೇಕಾದದ್ದು ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್. ಯೂನಿಕೋಡ್‌ಗೆ ತಿರುಗಿಸಿ ನೋಡಿದರೆ ಪುಸ್ತಕದ ತುಂಬಾ ಒಂಬತ್ತು! ಅರ್ಕಾವತ್ತು ಹುಡುಕುವ ಬದಲು ಅವನು ಸಲೀಸಾಗಿ ಕನ್ನಡದ ಒಂಬತ್ತನ್ನು ಒತ್ತಿಕೊಂಡು ಹೋಗಿದ್ದ. ಕರ್ಮ ಎಲ್ಲಾ 'ಕಮ೯' ಆಗಿತ್ತು. ಧರ್ಮ 'ಧಮ೯'. ಎಣಿಸಿದೆ, 214 ಒಂಬತ್ತು. ಕಾಗದದ ಮೇಲೆ ಯಾರಿಗೂ ಕಾಣದ ತಪ್ಪು ಅದು. ಅಥವಾ ಅಲ್ಲಿ ತನಕ ಯಾರೂ ಓದಿರಲಿಲ್ಲವೋ ಏನೋ.

ಹಾಗಾಗಿ ಅಚ್ಚಿನ ಪುಸ್ತಕವನ್ನೇ ಒಂದು ದೊಡ್ಡ ಆನ್‌ಲೈನ್ ಅಂಗಡಿಗೆ ಏರಿಸಿದೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ ಅಂತ ಪ್ಯಾಕೇಜಿನವರು ಹೇಳಿದರು. ಕೊಟ್ಟೆ. ಸಂಜೆ ಹುಡುಕೋಣ ಅಂತ ಎಂ-ಐ-ಡಿ-ಐ ಎಂದು ಹೊಡೆದೆ. ಮೊಣಕಾಲಿನಿಂದ ಒಂದು ಗೇಣು ಕೆಳಗಿಳಿಯುವ ಫ್ರಾಕುಗಳು ಸಾಲಾಗಿ ಬಂದವು. ಇನ್ನೂ ಕೆಳಗೆ ಹೋದರೆ ಸಂಗೀತದ ಕೀಬೋರ್ಡಿಗೆ ಸಿಕ್ಕಿಸುವ ವೈರು. ಏಳನೇ ಪುಟದ ತನಕ ಹೋದೆ. ನನ್ನ ಪುಸ್ತಕ ಸಿಗಲಿಲ್ಲ. ಇವತ್ತಿಗೂ ಫೋನ್ ತೆಗೆದರೆ ಫ್ರಾಕ್ ಜಾಹೀರಾತು ಬರುತ್ತದೆ. ಮನೆಯಲ್ಲಿ ಅದಕ್ಕೆ ಬೇರೆ ವಿವರಣೆ ಕೊಡಬೇಕಾಯಿತು.

ಪ್ಯಾಕೇಜಿನವರಿಗೆ ಫೋನ್ ಮಾಡಿದೆ. 'ಸರ್, ಕಥೆ ವಿಭಾಗದಲ್ಲಿ ಕಾಂಪಿಟಿಷನ್ ಜಾಸ್ತಿ. ನಿಮ್ಮ ಹೆಸರಲ್ಲೇ ಜಾಡಿ ಇದೆ, ಮಿಡಿ ಇದೆ. ಸುಮ್ನೆ ಉಪ್ಪಿನಕಾಯಿ ವಿಭಾಗಕ್ಕೆ ಹಾಕಿಬಿಡೋಣ. ಅಲ್ಲಿ ಜನ ಕಮ್ಮಿ' ಅಂದರು.

'ಅದು ಕಥಾಸಂಕಲನ.'

'ರ‍್ಯಾಂಕಿಗೆ ಅದು ಗೊತ್ತಾಗಲ್ಲ ಸರ್.'

ರ‍್ಯಾಂಕು ಗಂಟೆ ಗಂಟೆಗೂ ಬದಲಾಗುತ್ತದಂತೆ. ಒಂದೇ ಗಂಟೆಯಲ್ಲಿ ನಾಲ್ಕು ಪುಸ್ತಕ ಹೋದರೂ ಸಾಕು, ಜನ ಇಲ್ಲದ ವಿಭಾಗದಲ್ಲಿ ಮೇಲೆ ಬರಬಹುದು. ಶನಿವಾರ ಸಂಜೆ ಏಳರಿಂದ ಎಂಟು ಅಂತ ಮುಹೂರ್ತ ಇಟ್ಟೆವು. ಭಾವ ಒಂದು ಆರ್ಡರ್ ಮಾಡಿದರು, ಅತ್ತಿಗೆ ಒಂದು, ನಾನೊಂದು. ಮಾವನಿಗೆ ಒಟಿಪಿ ಬರಲಿಲ್ಲ, ಮೂರಕ್ಕೇ ನಿಂತಿತು. ಮೂರೇ ಸಾಕಾಯಿತು. 8 ಗಂಟೆ 10 ನಿಮಿಷಕ್ಕೆ 'ಜಾಡಿಯಲ್ಲಿ ಉಳಿದ ಮಿಡಿ' ನಂಬರ್ ಒನ್! ಎರಡನೇ ಜಾಗದಲ್ಲಿ ನಿಜವಾಗಿಯೂ ಉಪ್ಪಿನಕಾಯಿ ಹಾಕುವುದು ಹೇಗೆ ಅಂತ ಹೇಳುವ ಪುಸ್ತಕ ಇತ್ತು, ಪಾಪ. ಒಂಬತ್ತೂವರೆಗೆ ಅದು ತನ್ನ ಜಾಗಕ್ಕೆ ವಾಪಸ್ ಬಂತು. ಆದರೆ ಅಷ್ಟರಲ್ಲಿ ನಾನು ಸ್ಕ್ರೀನ್‌ಶಾಟ್ ಹೊಡೆದಿದ್ದೆ. ರ‍್ಯಾಂಕು ಒಂದು ಗಂಟೆಯದು, ಸ್ಕ್ರೀನ್‌ಶಾಟು ಶಾಶ್ವತ.

'ನಂಬರ್ ಒನ್ ಬೆಸ್ಟ್‌ಸೆಲ್ಲರ್, ಎಲ್ಲ ಓದುಗ ದೇವರುಗಳಿಗೆ ಶರಣು' ಅಂತ ಫೇಸ್‌ಬುಕ್ಕಿಗೆ ಹಾಕಿದೆ. ಉಪ್ಪಿನಕಾಯಿ ಅನ್ನುವ ಪದದ ಮೇಲೆ ಒಂದು ಹೂವಿನ ಚಿತ್ರ ಅಂಟಿಸಿದ್ದೆ. 412 ಲೈಕು. 138 ಕಾಮೆಂಟು. ಮುಕ್ಕಾಲು ಪಾಲು 'ಅಭಿನಂದನೆಗಳು ಸರ್'. ಹನ್ನೊಂದು ಜನ 'ಎಲ್ಲಿ ಸಿಗುತ್ತೆ?' ಅಂತ ಕೇಳಿದರು, ಲಿಂಕಿನ ಕೆಳಗೇ. ಇಬ್ಬರು 'ನನ್ನ ಗೌರವಪ್ರತಿ ಇನ್ನೂ ಬಂದಿಲ್ಲ' ಅಂತ ಬೇಜಾರು ಮಾಡಿಕೊಂಡರು. ಒಬ್ಬರು ಮಾತ್ರ ಮನಸ್ಸು ಬಿಚ್ಚಿ ಬರೆದರು: 'ಪಿಡಿಎಫ್ ಇದ್ರೆ ಕಳ್ಸಿ ಸರ್, ಓದಿ ಪ್ರೋತ್ಸಾಹಿಸ್ತೀವಿ.'

ಅದೇ ವಾರ ನನ್ನ ಸ್ನೇಹಿತರೊಬ್ಬರ ಕಾದಂಬರಿ ತಿಂಗಳೊಳಗೆ ನಾಲ್ಕನೇ ಮುದ್ರಣ ಕಂಡಿತು. ಹೊಟ್ಟೆ ಉರಿಯಿತು. ಗುಟ್ಟು ಕೇಳಿದೆ. ಮುದ್ರಣಕ್ಕೆ 25 ಪ್ರತಿಯಂತೆ. ನಾನು ಬೆಪ್ಪ, 42,000 ಕೊಟ್ಟು 500 ಒಟ್ಟಿಗೇ ಹಾಕಿಸಿ ಮೊದಲ ಮುದ್ರಣದಲ್ಲೇ ಸಿಕ್ಕಿಬಿದ್ದಿದ್ದೇನೆ. ಅವರ ಲೆಕ್ಕದಲ್ಲಿ ನನ್ನದು 20ನೇ ಮುದ್ರಣ.

ಹಾಗಂತ ಪುಸ್ತಕ ಹೋಗಲೇ ಇಲ್ಲ ಅಂತಲ್ಲ. 89 ಹೋಗಿವೆ. ಬಿಡುಗಡೆ ದಿನ ಉಪ್ಪಿಟ್ಟು ಕೇಸರಿಬಾತಿನ ಜೊತೆ 46. ವಿಮರ್ಶಕರಿಗೆ 12. ನಂಬರ್ ಒನ್ ಆಗಲು 3. 27 ಮುಯ್ಯಿಗೆ. ಇನ್ನೊಂದರ ವಿಷಯ ಆಮೇಲೆ ಹೇಳುತ್ತೇನೆ.

ಮುಯ್ಯಿ ಅಂದರೆ ಗೊತ್ತಲ್ವಾ? ಮದುವೆ ಮನೆಯಲ್ಲಿ ಯಾರು ಎಷ್ಟು ಓದಿಸಿದರು ಅಂತ ಬರೆದಿಟ್ಟುಕೊಂಡು, ಅವರ ಮನೆ ಮದುವೆಗೆ ಅಷ್ಟೇ ತಿರುಗಿಸುವುದು. ನಮ್ಮ ಆನ್‌ಲೈನ್ ಪುಸ್ತಕ ವ್ಯಾಪಾರ ಇರುವುದೂ ಹಾಗೆಯೇ. ಸೋಮವಾರ ನಾನು ಹಾಸನದ ಕವಿಯೊಬ್ಬರಿಗೆ 180 ಫೋನ್‌ಪೇ ಮಾಡಿ ಅವರ ಸಂಕಲನ ತರಿಸಿದೆ. ಮಂಗಳವಾರ ಅವರು 180 ಕಳಿಸಿ ನನ್ನದನ್ನು ತರಿಸಿದರು. ಬುಧವಾರ ಅದೇ 180 ದಾವಣಗೆರೆಯ ಕಾದಂಬರಿಕಾರ್ತಿಗೆ ಹೋಯಿತು, ಗುರುವಾರ ವಾಪಸ್ ಬಂತು. ಎಲ್ಲರೂ ಪುಸ್ತಕ ಕೆನ್ನೆಗೆ ಒತ್ತಿಕೊಂಡು ಫೋಟೊ ಹಾಕಿದೆವು. 'ಕೈ ಸೇರಿದ ಖುಷಿ, ಓದಿ ಬರೆಯುವೆ.' ಯಾರೂ ಓದಲಿಲ್ಲ, ಯಾರೂ ಬರೆಯಲಿಲ್ಲ, ಮುಯ್ಯಿ ಮಾತ್ರ ಚುಕ್ತಾ. ನನಗನ್ನಿಸುತ್ತದೆ, ನಮ್ಮ ಈ ಲೋಕದಲ್ಲಿ ಇರುವುದು ಒಟ್ಟು ಒಂದೇ 180 ರೂಪಾಯಿ. ಅದೇ ಸುತ್ತು ಹೊಡೆಯುತ್ತಿದೆ.

ಪ್ರತಿ ಸುತ್ತಿಗೂ ಒಂದಿಷ್ಟು ಅಂಚೆಯ ಪಾಲು. ಮೊದಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದಿದೆ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100, ಮೇಲೆ ತೆರಿಗೆ. ಒಳ್ಳೆಯ ಯೋಜನೆ, ಬೈಯುವ ಹಾಗಿಲ್ಲ. ಮೊದಲ ದಿನ ಕೌಂಟರಿನಲ್ಲಿ ಕವರ್ ಇಟ್ಟೆ.

'ಒಳಗೇನಿದೆ?' ಅಂದರು ಮೇಡಂ.

'ಕಥೆ, ಮೇಡಂ.'

'ಪಠ್ಯಪುಸ್ತಕನಾ?'

'ಅಲ್ಲ.'

'ಮತ್ತೆ ಜ್ಞಾನ ಇದೆಯಾ?'

ಹಿಂದೆ ಕ್ಯೂನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಯಾವ ವಿಮರ್ಶಕರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು ತಡವರಿಸುವುದು ನೋಡಿ ಅವರೇ ಕನಿಕರಪಟ್ಟು ತಕ್ಕಡಿಗಿಟ್ಟರು. 212 ಗ್ರಾಂ ಬಂತು.

ಗಳಗನಾಥರ ಕಥೆ ಕೇಳಿರುತ್ತೀರಿ. ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. 1942ರಲ್ಲಿ ತೀರಿಕೊಂಡರು. ನಮ್ಮ ಕ್ಲಾಸಿನಲ್ಲೂ ಅವರ ಪ್ರಸ್ತಾಪ ಬಂತು, 'ಕನ್ನಡದ ಮೊದಲ ಡೈರೆಕ್ಟ್ ಮಾರ್ಕೆಟಿಂಗ್' ಅಂತ. ನನಗೆ ಅವರ ಕುತ್ತಿಗೆ ನೋವು ನೆನಪಾಯಿತು. ಆದರೂ ಅವರಿಗೆ ಒಂದು ಅನುಕೂಲ ಇತ್ತು ನೋಡಿ. ಗಂಟು ಇಳಿಸಿದ ಕಡೆ ಎದುರಿಗೆ ನಿಂತಿದ್ದವರು ಲೇಖಕರಾಗಿರಲಿಲ್ಲ.

ಈಗ ಆ ಉಳಿದ ಒಂದು ಪ್ರತಿ. ಹೋದ ತಿಂಗಳು ಶಿರಸಿ ಕಡೆಯಿಂದ ಆರ್ಡರ್ ಬಂತು. ಗೊತ್ತಿಲ್ಲದ ಹೆಸರು. ಫೇಸ್‌ಬುಕ್ಕಿನಲ್ಲಿ ಹುಡುಕಿದೆ, ಸಿಗಲಿಲ್ಲ. ಕವನ ಸಂಕಲನ ಇಲ್ಲ, ಕಾದಂಬರಿ ಇಲ್ಲ. ಅಪ್ಪಟ ಓದುಗರು! ಎರಡು ಸುತ್ತು ಬಬಲ್ ಶೀಟ್ ಹಾಕಿ ಕಳಿಸಿದೆ. ಹತ್ತು ದಿನಕ್ಕೆ ಫೋನ್ ಬಂತು. ವಯಸ್ಸಾದ ಹೆಂಗಸಿನ ಧ್ವನಿ.

'ಜಾಡಿ ಪುಸ್ತಕ ಬರೆದವರಾ? ನೂರಾ ಹನ್ನೆರಡನೇ ಪುಟಕ್ಕೆ ಬಂದೆ ಮಾರಾಯ್ರೇ. ಮಿಡಿ ಉಪ್ಪಿಗೆ ಹಾಕುವುದು ಇನ್ನೂ ಬರ್ಲಿಲ್ವಲ್ಲ?'

ಕುರ್ಚಿ ಎಳೆದುಕೊಂಡು ಕೂತೆ. 112 ಪುಟ! ಬೆನ್ನುಡಿ ಬರೆದವರೂ ಅಲ್ಲಿ ತನಕ ಹೋಗಿರಲಿಕ್ಕಿಲ್ಲ. 'ಅಮ್ಮಾ, ಅದು ಕಥೆ ಪುಸ್ತಕ. ವಿಭಾಗ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ದುಡ್ಡು ವಾಪಸ್ ಕಳಿಸ್ತೀನಿ' ಅಂದೆ.

'ದುಡ್ಡು ಬೇಡ. ಉಳಿದದ್ದೂ ಓದ್ತೇನೆ, ಶುರು ಮಾಡಿ ಆಯ್ತಲ್ಲ. ಆದ್ರೆ 37ನೇ ಪುಟದಲ್ಲಿ ಅವಳು ತೊಟ್ಟು ಮುರಿದು ಮಿಡಿಯನ್ನ ಜಾಡಿಗೆ ಹಾಕ್ತಾಳೆ ಅಂತ ಬರೆದಿದ್ದೀರಿ. ಹಾಗೆ ತೊಟ್ಟು ಮುರಿದಿಟ್ರೆ ಸೊನೆ ಎಲ್ಲಾ ಹೋಗ್ತದೆ. ಪರಿಮಳ ಎಲ್ಲಿಂದ ಬರ್ಬೇಕು? ಮುಂದಿನ ಮುದ್ರಣದಲ್ಲಿ ಸರಿ ಮಾಡಿ.'

ಮಂಚದ ಕೆಳಗಿನ ಡಬ್ಬಿಗಳನ್ನು ಹೊರಗೆಳೆದಿದ್ದೇನೆ. ಪ್ರತಿ ಪುಸ್ತಕದ 37ನೇ ಪುಟ ತೆಗೆದು 'ತೊಟ್ಟು ಮುರಿದು' ಅನ್ನುವುದನ್ನು ಪೆನ್ನಿನಲ್ಲಿ ಹೊಡೆದು 'ತೊಟ್ಟು ಸಮೇತ' ಅಂತ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿಗೆ 63 ಆಗಿದೆ. ಎಣಿಸುತ್ತಿರುವುದು ಪ್ರಕಾಶಕಿ. 'ಪರಿಷ್ಕೃತ ಎರಡನೇ ಮುದ್ರಣ' ಅಂತ ಒಂದು ರಬ್ಬರ್ ಸ್ಟ್ಯಾಂಪ್ ಮಾಡಲು ಕೊಟ್ಟಿದ್ದೇನೆ, ನಾಳೆ ಸಂಜೆ ಬರುತ್ತದೆ.