23 ಕೆಜಿ ತ್ಯಾಗ

ಸೀಟಿಗಾಗಿ ಪಕ್ಷ ಬಿಟ್ಟವರನ್ನು ನೋಡಿದ್ದೇವೆ. ಸೀಟಿಗಾಗಿ ಬಸ್ಸಿನಲ್ಲಿ ಮೊಣಕೈ ಆಡಿಸುವವರನ್ನೂ ನೋಡಿದ್ದೇವೆ. ಆದರೆ ತಾನೇ ದುಡ್ಡು ಕೊಟ್ಟು ತಂದ ಸೀಟನ್ನು ತಾನೇ ಬಿಚ್ಚಿ ಹೊರಗಿಟ್ಟ ಮಹಾತ್ಯಾಗಿಯನ್ನು ನಾನು ನೋಡಿದ್ದು ಎರಡು ತಿಂಗಳ ಹಿಂದೆ, ಒಂದು ಭಾನುವಾರ, ಪಕ್ಕದ ಮನೆಯ ಗೇಟಿನೊಳಗೆ.

ಕಾರಿನ ಹಿಂದಿನ ಎರಡೂ ಬಾಗಿಲು ತೆರೆದಿದ್ದವು. ಪಕ್ಕದ ಮನೆ ಹುಡುಗ ಒಳಗೆ ತಲೆ ತೂರಿಸಿ ಏನನ್ನೋ ಎಳೆಯುತ್ತಿದ್ದ. ಹುಡುಗ ಎಂದರೆ ನನ್ನ ಕಣ್ಣಿಗೆ ಹುಡುಗ, ಅವನಿಗೇ ಆರು ವರ್ಷದ ಮಗಳಿದ್ದಾಳೆ. ಟಕ್ ಎಂದು ಒಂದು ಕ್ಲಿಪ್ ಬಿಟ್ಟಿತು.

"ಏನಪ್ಪಾ, ಏನಾದ್ರೂ ಕಳೆದುಹೋಯ್ತಾ?" ಎಂದೆ.

"ಇಲ್ಲ ಅಂಕಲ್, ನಾನೇ ಕಳೀತಾ ಇದ್ದೀನಿ. ವೇಟು."

ಹಿಂದಿನ ಸೀಟು ಎದ್ದು ಬಂತು. ಅದರ ಅಡಿಯಲ್ಲಿ ನಾಲ್ಕು ವರ್ಷದ ಸಂಸಾರ ಬಿದ್ದಿತ್ತು. ಎರಡು ನಾಣ್ಯ, ಒಂದು ಹೇರ್‌ಪಿನ್, ಪೆನ್ನಿನ ಮುಚ್ಚಳ, ಮಗುವಿನ ಒಂಟಿ ಸಾಕ್ಸು. ಅದನ್ನೆಲ್ಲ ತೆಗೆದ ಮೇಲೆ ಉಳಿದಿದ್ದು ಬರೀ ತಗಡು, ವೈರುಗಳ ಒಂದು ಕಟ್ಟು, ಪೆಟ್ರೋಲ್ ಪಂಪಿನ ಮೇಲಿನ ದುಂಡು ಮುಚ್ಚಳ. ನಾವು ಇಷ್ಟು ವರ್ಷ ಮೆತ್ತಗೆ ಕೂತಿದ್ದು ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಎಂದು ಆಗ ಕಣ್ಣಿಗೆ ಬಿತ್ತು. ಕೆಲವು ವಿಷಯ ಮುಚ್ಚಿಡುವುದಕ್ಕೂ ಸೀಟು ಬೇಕು.

ಆಮೇಲೆ ತೂಕದ ಕಾರ್ಯಕ್ರಮ. ಬಚ್ಚಲುಮನೆಯ ತೂಕದ ಯಂತ್ರ ಹೊರಗೆ ಬಂತು. ಸೀಟನ್ನು ಹಾಗೇ ಇಟ್ಟರೆ ಅದು ಯಂತ್ರವನ್ನೇ ಮುಚ್ಚಿಬಿಡುತ್ತದೆ, ಅಂಕಿ ಕಾಣುವುದಿಲ್ಲ. ಹಾಗಾಗಿ ಮೊದಲು ತಾನೊಬ್ಬನೇ ನಿಂತ. 94. ಕೂರುವ ಭಾಗ ಎತ್ತಿಕೊಂಡು ನಿಂತ. 102. ಒರಗುವ ಭಾಗ ಎತ್ತಿಕೊಂಡು ನಿಂತ. 109. ಫೋನಿನಲ್ಲಿ ಲೆಕ್ಕ ಹಾಕಿ, "ಒಟ್ಟು 23 ಕೆಜಿ ಅಂಕಲ್!" ಎಂದ. ಮುಖ ಅರಳಿತ್ತು. 94ನ್ನು ಎರಡು ಸಲ ಕಳೆದನಲ್ಲ, ಒಂದು ಸಲವಾದರೂ ಆ ಅಂಕಿಯನ್ನು ನೋಡಿದನಾ? ಇಲ್ಲ. ಮದುವೆಯಲ್ಲಿ ಅವನು 70 ದಾಟಿರಲಿಲ್ಲ. ಒಂದು ಇಡೀ ಹಿಂದಿನ ಸೀಟನ್ನು ಸೊಂಟದ ಸುತ್ತ ಕಟ್ಟಿಕೊಂಡು ಓಡಾಡುತ್ತಿದ್ದಾನೆ, ಅದು ಮಾತ್ರ ಬೋಲ್ಟು ಬಿಚ್ಚಿದರೆ ಬರುವುದಿಲ್ಲ.

ಪಾಪ, ತಪ್ಪು ಅವನದಲ್ಲ. ಕಾರು ಹಗುರಾದರೆ ಜೋರಾಗಿ ಓಡುತ್ತದೆ ಎಂಬುದು ದೊಡ್ಡವರು ಹಾಕಿಕೊಟ್ಟ ದಾರಿ. 1972ರಲ್ಲಿ ಜರ್ಮನಿಯ ಪೋರ್ಷೆ ಕಂಪನಿಯವರು ಕರೇರಾ ಆರ್‌ಎಸ್ 2.7 ಎಂಬ ಕಾರು ತೋರಿಸಿದರು. ಅದರ ಹಗುರ ಮಾದರಿಯಲ್ಲಿ ಹಿಂದಿನ ಸೀಟು ಕಿತ್ತರು, ಗಡಿಯಾರ ಕಿತ್ತರು, ಗ್ಲವ್ ಬಾಕ್ಸಿನ ಮುಚ್ಚಳವನ್ನೂ ಕಿತ್ತರು. 960 ಕೆಜಿಗೆ ಇಳಿಸಿದರು. ಸುಖವಾಗಿ ಓಡಾಡುವವರಿಗೆಂದು ಮಾಡಿದ ಟೂರಿಂಗ್ ಮಾದರಿ 1,075 ಕೆಜಿ ಇತ್ತು. ಆ ಕಿತ್ತಾಟಕ್ಕೆ ಒಂದು ಅರ್ಥವಿತ್ತು. ರೇಸಿಗೆ ಬಿಡಬೇಕಾದರೆ ಅಂಥ 500 ಕಾರು ಮಾಡಿ ಮಾರಬೇಕೆಂಬ ನಿಯಮವಿತ್ತು. ತಗಡು, ಗಾಜು ಎಲ್ಲವನ್ನೂ ತೆಳ್ಳಗೆ ಮಾಡಿದ್ದರು. 500 ಮಾರಿದರೆ ಸಾಕು ಎಂದುಕೊಂಡವರು ಕೊನೆಗೆ 1,580 ಮಾಡಿದರು. ಇಲ್ಲದ್ದನ್ನು ಕೊಳ್ಳಲು ಜನ ಸಾಲು ನಿಲ್ಲುತ್ತಾರೆ ಎಂದು ಕಾರು ಲೋಕಕ್ಕೆ ಗೊತ್ತಾಗಿದ್ದು ಅಲ್ಲೇ ಇರಬೇಕು.

ಅಲ್ಲಿಂದ ಮುಂದೆ ಒಂದೇ ಜಾತ್ರೆ. 2003ರಲ್ಲಿ ಬಿಎಂಡಬ್ಲ್ಯುನವರ ಎಂ3 ಸಿಎಸ್‌ಎಲ್ ಬಂತು. ಅದರಲ್ಲಿ ಏಸಿ ಇಲ್ಲ, ರೇಡಿಯೊ ಇಲ್ಲ. ಬೇಕಾದರೆ ಕೇಳಿ, ಪುಕ್ಕಟೆ ಹಾಕಿಕೊಡುತ್ತೇವೆ ಎಂದರು. 2022ರ ಎಂ4 ಸಿಎಸ್‌ಎಲ್‌ನಲ್ಲಿ ಹಿಂದಿನ ಸೀಟನ್ನೇ ತೆಗೆದು 21 ಕೆಜಿ ಉಳಿಸಿದರು. ಸಂತೋಷ. ಎರಡು ವರ್ಷ ಕಳೆದು, ಅದೇ ಕಂಪನಿಯ ಹೊಸ ಎಂ5 ಬಂತು, ಬ್ಯಾಟರಿ ಸಮೇತ. ತೂಕ 2,400 ಕೆಜಿಗೂ ಜಾಸ್ತಿ. ಉಳಿಸಿದ ಆ 21 ಕೆಜಿ ಇದರಲ್ಲಿ ಎಲ್ಲಿ ಕರಗಿಹೋಯಿತು ಎಂದು ಹುಡುಕಬೇಕಾದರೆ ಭೂತಗನ್ನಡಿ ಬೇಕು. 1974ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್, ನಾಲ್ಕೈದು ಜನ ಕೂರುವ ಇಡೀ ಕಾರು, 800 ಕೆಜಿ ಆಸುಪಾಸು ಇತ್ತು. ಈಗಿನ ಎಲೆಕ್ಟ್ರಿಕ್ ಹಮ್ಮರ್‌ನ ಬ್ಯಾಟರಿ ಒಂದೇ ಅದಕ್ಕಿಂತ ಭಾರ. ಆನೆಯ ಬಾಲದ ಕೂದಲು ಕತ್ತರಿಸಿ ಆನೆ ಸಣ್ಣಗಾಯಿತು ಎನ್ನುವ ಹಾಗಿದೆ.

2024ರ ಪೋರ್ಷೆ 911 ಕೂಪೆ ಬರುವುದೇ ಎರಡು ಸೀಟಿನದ್ದಾಗಿ. ಹಿಂದಿನದು ಬೇಕು ಎಂದರೆ ಬಾಯಿಬಿಟ್ಟು ಕೇಳಬೇಕು. ಹೆಚ್ಚಿಗೆ ದುಡ್ಡಿಲ್ಲ, ಕೊಡುತ್ತಾರೆ. ನ್ಯಾಯವಾಗಿ ಹೇಳಬೇಕಾದರೆ, ಆ ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಬೇಕಿದ್ದರೆ ಕಾಲನ್ನು ಬೇರೆ ಕಾರಿನಲ್ಲಿ ತರಿಸಬೇಕಿತ್ತು. ಹೋದರೆ ಹೋಗಲಿ. ನನಗೆ ಹೆಚ್ಚು ಇಷ್ಟವಾಗುವುದು ಅವರ ಕೆಲವು ಹಗುರ ಕಾರುಗಳ ಬಾಗಿಲು. ಒಳಗಿನ ಹಿಡಿಕೆ ತೆಗೆದು ಒಂದು ಬಟ್ಟೆಯ ಪಟ್ಟಿ ಕಟ್ಟಿರುತ್ತಾರೆ, ಎಳೆದರೆ ಬಾಗಿಲು ತೆರೆಯುತ್ತದೆ. ನಮ್ಮ ಹಳೇ ಕಪಾಟಿನ ಹಿಡಿ ಮುರಿದಾಗ ನಾನೂ ಅದನ್ನೇ ಮಾಡಿದ್ದೆ. ಮನೆಯಲ್ಲಿ ಅದನ್ನು ಯಾರೂ ಇಂಜಿನಿಯರಿಂಗ್ ಎನ್ನಲಿಲ್ಲ. ಸೋಮಾರಿತನ ಎಂದರು.

ಒಂದು ಕಾರಿಗೆ ಮಾತ್ರ ನಾನು ನಿಜವಾಗಿ ಟೋಪಿ ತೆಗೆಯುತ್ತೇನೆ. 2008ರ ರೆನೋ ಮೆಗಾನ್ ಆರ್26.ಆರ್. ಹಿಂದಿನ ಸೀಟು ಒಂದನ್ನೇ ಕಿತ್ತು ಕೈತೊಳೆದುಕೊಳ್ಳಲಿಲ್ಲ. ಹಿಂದಿನ ಕಿಟಕಿಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಕಿದರು, ರೇಡಿಯೊ ತೆಗೆದರು, ಹುಡುಕಿ ಹುಡುಕಿ ಒಟ್ಟು 123 ಕೆಜಿ ಇಳಿಸಿದರು. ಕಳ್ಳತನ ಮಾಡಿದರೂ ಶ್ರದ್ಧೆಯಿಂದ ಮಾಡಬೇಕು.

ಈಗ ನಮ್ಮ ಹುಡುಗನ ಕಾರಿಗೆ ಬರೋಣ. ಮನೆ ಬಳಕೆಯ ಸಣ್ಣ ಕಾರು, ಸುಮಾರು 950 ಕೆಜಿ. ಅವನನ್ನೂ ಸೇರಿಸಿದರೆ 1,044. ಅದರಲ್ಲಿ 23 ಎಂದರೆ ನೂರಕ್ಕೆ ಎರಡು ಚಿಲ್ಲರೆ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಹೋಗಲು 14 ಸೆಕೆಂಡು ಬೇಕಿದ್ದರೆ ಈಗ 13.7 ಸಾಕು. ಒಂದು ಸಲ ಕಣ್ಣು ಮಿಟುಕಿಸಿದರೆ ಆ ಲಾಭ ಮುಗಿಯಿತು. ಇನ್ನು ಮೈಲೇಜ್. 45 ಕೆಜಿ ತೂಕಕ್ಕೆ ಹೆಚ್ಚೆಂದರೆ ಶೇಕಡಾ 1ರಷ್ಟು ಇಂಧನ ಎಂದು ಅಮೆರಿಕ ಸರ್ಕಾರದವರೇ ಲೆಕ್ಕ ಕೊಟ್ಟಿದ್ದಾರೆ. ಹಾಗಾದರೆ 23ಕ್ಕೆ ಶೇಕಡಾ ಅರ್ಧ. ಲೀಟರಿಗೆ 20 ಕಿ.ಮೀ. ಕೊಡುತ್ತಿದ್ದ ಕಾರು ಇನ್ನು ಮೇಲೆ 20 ಕಿ.ಮೀ. 100 ಮೀಟರ್ ಕೊಡುತ್ತದೆ. ಗಡಿಬಿಡಿಯಲ್ಲಿ ಆಕ್ಸಿಲರೇಟರ್ ತುಳಿದು, ಸಿಗ್ನಲ್‌ನಲ್ಲಿ ಗಕ್ಕನೆ ಬ್ರೇಕ್ ಹಾಕುವ ಚಟಕ್ಕೆ ಇದೇ ಸರ್ಕಾರ ಊರೊಳಗಿನ ಓಡಾಟದಲ್ಲಿ ಶೇಕಡಾ 10ರಿಂದ 40 ನಷ್ಟ ಹೇಳುತ್ತದೆ. ಆ ಚಟ ಬಿಚ್ಚುವ ಸ್ಪ್ಯಾನರ್ ಇನ್ನೂ ಬಂದಿಲ್ಲ.

"ಟ್ಯಾಂಕ್ ಫುಲ್ ಮಾಡಿಸ್ತೀಯಾ?" ಎಂದು ಕೇಳಿದೆ.

"ಯಾವಾಗ್ಲೂ ಫುಲ್ಲೇ ಅಂಕಲ್."

ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ಹತ್ತಿರ ತೂಗುತ್ತದೆ. 31 ಲೀಟರ್ ಕಡಿಮೆ ಹಾಕಿಸಿದ್ದರೆ ಇಡೀ ಸೀಟಿನ ತೂಕ ಅಲ್ಲೇ ಉಳಿಯುತ್ತಿತ್ತು. ಒಂದು ಬೋಲ್ಟೂ ಬಿಚ್ಚಬೇಕಿರಲಿಲ್ಲ. ಹೇಳಲಿಲ್ಲ, ಸುಮ್ನಿದ್ದೆ. ಹೇಳಿದ್ದರೆ ಟ್ಯಾಂಕನ್ನೂ ಕಿತ್ತುಬಿಡುತ್ತಿದ್ದನೇನೋ.

ಇನ್ನೊಂದು ತಮಾಷೆ. ಇಂಥ ಕಾರಿನ ಇಂಜಿನ್ನು, ಗೇರ್‌ಬಾಕ್ಸು ಎಲ್ಲ ಮುಂದೆ. ಓಡಿಸುವ ಚಕ್ರವೂ ಮುಂದಿನದೇ. ಭಾರವೆಲ್ಲ ಮೂತಿಯ ಮೇಲೆ, ಹಿಂಭಾಗ ಮೊದಲೇ ಹಗುರ. ಇವನು ಹಗುರವಾಗಿದ್ದ ಕಡೆಯಿಂದಲೇ ತೆಗೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈಗ ಒದ್ದೆ ರಸ್ತೆಯಲ್ಲಿ ತಿರುಗಿಸುವಾಗ ಹಿಂದಿನ ಚಕ್ರಗಳಿಗೆ ನೆಲದ ಮೇಲೆ ಮೊದಲಿನಷ್ಟು ಹಿಡಿತವಿಲ್ಲ. ಆದರೂ ಕಾರು ಜೋರಾಗಿದೆ ಎಂದು ಅವನಿಗೆ ಪೂರ್ತಿ ನಂಬಿಕೆ. ಯಾಕೆಂದರೆ ಸದ್ದು ಜೋರಾಗಿದೆ. ಸೀಟಿನ ಫೋಮು ಇಷ್ಟು ದಿನ ನುಂಗುತ್ತಿದ್ದ ಸದ್ದೆಲ್ಲ, ಸೈಲೆನ್ಸರಿನ ಗೊರಗೊರ, ಚಕ್ರದಿಂದ ಸಿಡಿದ ಜಲ್ಲಿ ತಗಡಿಗೆ ಬಡಿಯುವುದು, ಪೆಟ್ರೋಲ್ ಪಂಪಿನ ಗುಂಯ್, ಈಗ ನೇರ ಕಿವಿಗೆ. ಮೂರನೇ ವಾರಕ್ಕೆ ತಲೆನೋವು ಶುರುವಾಯಿತು. ಸದ್ದು ತಡೆಯುವ ಡಾಂಬರಿನ ಹಾಳೆ ತಂದು ತಗಡಿನ ತುಂಬ ಅಂಟಿಸಿದ. ಆ ಹಾಳೆ ಎಷ್ಟು ತೂಗುತ್ತದೆ ಎಂದು ಎತ್ತಿದವರಿಗೆ ಗೊತ್ತು. ಆಮೇಲೆ ಜಾಗ ಸುಮ್ನೆ ಖಾಲಿ ಇದೆಯಲ್ಲ ಎಂದು ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರ್ ಬಂತು, ಮರದ ಪೆಟ್ಟಿಗೆ ಸಮೇತ, ಆಂಪ್ಲಿಫೈಯರ್ ಸಮೇತ. ಮೂಗಿಗಿಂತ ಮೂಗುತಿ ಭಾರ. ತೂಕದ ಯಂತ್ರ ಆ ದಿನ ಹೊರಗೆ ಬರಲಿಲ್ಲ.

ಕನ್ನಡದಲ್ಲಿ ಕಾರಿನ ಹಿಂದಿನ ಪೆಟ್ಟಿಗೆಗೂ ಡಿಕ್ಕಿ ಎನ್ನುತ್ತೇವೆ, ಅಪಘಾತಕ್ಕೂ ಡಿಕ್ಕಿ ಎನ್ನುತ್ತೇವೆ. ಈ ಎರಡು ಡಿಕ್ಕಿಗಳು ಒಂದಾಗದ ಹಾಗೆ ನಡುವೆ ನಿಂತಿರುವುದೇ ಹಿಂದಿನ ಸೀಟಿನ ಬೆನ್ನು. ಸುಮ್ನೆ ಹೇಳುತ್ತಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 17 ಎಂದು ಒಂದಿದೆ. ಅದರ ಪರೀಕ್ಷೆಯಲ್ಲಿ ತಲಾ 18 ಕೆಜಿಯ ಎರಡು ಗಟ್ಟಿಗಳನ್ನು ಡಿಕ್ಕಿಯಲ್ಲಿಟ್ಟು 50 ಕಿ.ಮೀ. ವೇಗದ ಅಪಘಾತದಂತೆ ನುಗ್ಗಿಸುತ್ತಾರೆ. ಸೀಟಿನ ಬೆನ್ನು ಅದನ್ನು ತಡೆದು ನಿಲ್ಲಬೇಕು. ಅದಕ್ಕೇ ಅದರೊಳಗೆ ಅಷ್ಟು ಕಬ್ಬಿಣ, ಅದಕ್ಕೇ ಅಷ್ಟು ತೂಕ. ರೇಸ್ ಕಾರಿನವರು ಸೀಟು ತೆಗೆದರೆ ಆ ಜಾಗದಲ್ಲಿ ಕಬ್ಬಿಣದ ಪಂಜರ ಕೂರಿಸುತ್ತಾರೆ, ಡಿಕ್ಕಿಯನ್ನು ಬರಿದು ಮಾಡುತ್ತಾರೆ. ಇವನ ಡಿಕ್ಕಿಯಲ್ಲಿ ಜ್ಯಾಕು, ಸ್ಪ್ಯಾನರ್, ಐದು ಲೀಟರಿನ ನೀರಿನ ಕ್ಯಾನು ಎಲ್ಲ ಸಡಿಲವಾಗಿ ಬಿದ್ದಿವೆ. ಗಕ್ಕನೆ ಬ್ರೇಕ್ ಹಾಕಿದರೆ ಮೊದಲು ಮುಂದಕ್ಕೆ ಬರುವುದು ಜ್ಯಾಕು.

ಇಷ್ಟರವರೆಗೆ ನಾನು ನಗುತ್ತಲೇ ಇದ್ದೆ. ಒಂದು ಸಂಜೆ ಅವನು ಮಗಳನ್ನು ಕ್ಲಾಸಿಗೆ ಬಿಡಲು ಹೊರಟಿದ್ದ. ಹಿಂದಿನ ಬಾಗಿಲು ತೆಗೆದ. ಮಗು ಹತ್ತಿತು. ನಾಲ್ಕು ಮಡಿಕೆ ಮಾಡಿದ ಒಂದು ಬೆಡ್‌ಶೀಟಿನ ಮೇಲೆ, ಸಬ್‌ವೂಫರ್ ಪೆಟ್ಟಿಗೆಗೆ ಒರಗಿಕೊಂಡು ಕೂತಿತು. ಬೆಲ್ಟು ಎಲ್ಲಿ? ಅದನ್ನೂ ಬಿಚ್ಚಿದ್ದಾನೆ, ಬಕಲ್ ಅಲುಗಾಡಿ ಸದ್ದು ಮಾಡುತ್ತಿತ್ತಂತೆ. "ಇಲ್ಲೇ ಹತ್ತಿರ ಅಂಕಲ್, ನಿಧಾನ ಹೋಗ್ತೀನಿ."

ನಿಧಾನ ಹೋಗುವವನಿಗೆ ಹಗುರ ಕಾರು ಯಾಕೆ ಬೇಕಿತ್ತು?

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂಬ ಗಾದೆಗೆ ಚಿಕ್ಕಂದಿನಲ್ಲಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆವತ್ತು ನಗು ಬರಲಿಲ್ಲ. 1959ರಲ್ಲಿ ವೋಲ್ವೊದ ನಿಲ್ಸ್ ಬೋಲಿನ್ ಎಂಬ ಇಂಜಿನಿಯರ್ ಎದೆ, ಸೊಂಟ ಎರಡನ್ನೂ ಹಿಡಿಯುವ ಬೆಲ್ಟು ಮಾಡಿಕೊಟ್ಟ. ಯಾರು ಬೇಕಾದರೂ ಮಾಡಿಕೊಳ್ಳಿ ಎಂದು ಕಂಪನಿ ಅದರ ಪೇಟೆಂಟನ್ನು ಬಿಟ್ಟುಕೊಟ್ಟಿತು. ಅದು ಹಿಂದೆ ಕೂರುವವರವರೆಗೆ ಬರಲು ಎಷ್ಟೋ ವರ್ಷ ಹಿಡಿಯಿತು, ಅದಕ್ಕೆ ಎಷ್ಟೋ ಜನ ಸಾಯಬೇಕಾಯಿತು. ಇವನು ಅರ್ಧ ಗಂಟೆಯಲ್ಲಿ ಬಿಚ್ಚಿ ಅಟ್ಟಕ್ಕೆ ಎಸೆದ. ಮುಂದಿನ ಸೀಟು ಬಿಚ್ಚಲಿಲ್ಲ, ಗಮನಿಸಿ. ಅದು ಇವನು ಕೂರುವ ಸೀಟು. ಅದಕ್ಕೆ ಹೊಸದಾಗಿ ಕೆಂಪು ಕವರ್ ಬಂದಿದೆ. ಕಾರಿನಲ್ಲಿ ಬೇರೆಯವರಿಗೆಂದೇ ಇದ್ದ ಜಾಗ ಹಿಂದಿನ ಸೀಟು, ಅವನ ಕಣ್ಣಿಗೆ ಭಾರವಾಗಿ ಕಂಡಿದ್ದೂ ಅದೊಂದೇ. ನನಗೆ ಇದನ್ನು ತಮಾಷೆಯಾಗಿ ಬರೆಯಲು ಬರುವುದಿಲ್ಲ. ಸಾಕಾಗಿದೆ. ಮಗುವನ್ನು ಕೆಳಗಿಳಿಸು ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವನು ಮುಖ ಊದಿಸಿಕೊಂಡ. ಮಗು ಆಟೋದಲ್ಲಿ ಅಜ್ಜಿಯ ಜೊತೆ ಹೋಯಿತು.

ಈಗ ಅದೇ ರೂಢಿಯಾಗಿದೆ. ಎಲ್ಲಿಗಾದರೂ ಹೊರಟರೆ ಇವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಗುರ ಕಾರಿನಲ್ಲಿ ಮುಂದೆ, ಅಜ್ಜಿ ಮೊಮ್ಮಗಳು ಬಾಡಿಗೆ ಟ್ಯಾಕ್ಸಿಯಲ್ಲಿ ಹಿಂದೆ. 23 ಕೆಜಿ ಉಳಿಸಲು ಒಂದು ಟನ್ನಿನ ಇನ್ನೊಂದು ಕಾರು ರಸ್ತೆಗೆ ಇಳಿಯುತ್ತದೆ, ಅದರ ಡ್ರೈವರ್ ಬೇರೆ. ಕಳೆದ ಸಲ ಟ್ಯಾಕ್ಸಿಯೇ ಮೊದಲು ತಲುಪಿತಂತೆ. ಅಜ್ಜಿ ಇದನ್ನು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಸೀಟು ಮಾತ್ರ ಜಗಲಿಯಲ್ಲಿ ಸುಖವಾಗಿತ್ತು. ಅಜ್ಜಿಗೆ ಮನೆಯ ಸೋಫಾಕ್ಕಿಂತ ಅದೇ ಹಿತ, ಸೊಂಟಕ್ಕೆ ಸರಿಯಾಗಿ ಒರಗುತ್ತದೆ ಎನ್ನುತ್ತಿದ್ದರು. ಮೊನ್ನೆ ರಾತ್ರಿ ಇದ್ದಕ್ಕಿದ್ದಂತೆ ಮಳೆ ಹೊಯ್ಯಿತು. ಇರಚಲು ಹೊಡೆದು ಫೋಮು ನೀರು ಕುಡಿಯಿತು. ಬೆಳಿಗ್ಗೆ ನಾನು ಪೇಪರ್ ಎತ್ತಿಕೊಳ್ಳಲು ಹೊರಗೆ ಬಂದಾಗ ಅವನು ಸೀಟಿನ ಒಂದು ತುದಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ.

"ಅಂಕಲ್, ಒಂದು ಕೈ ಹಿಡೀತೀರಾ? ತುಂಬಾ ಭಾರ ಇದೆ."